ಬಿ.ಪಿ., ಶುಗರ್ ಗುಳಿಗೆ ತಪ್ಪದಂತೆ: ಮೆಡಿಕಲ್ ಕೌಂಟರಿನಲ್ಲಿ ಮಾಡಬೇಕಾದ್ದು

ತಿಂಗಳ ಗುಳಿಗೆಗೆ ಬಂದವರಿಂದ ಚೀಟಿಯ ಜೊತೆ ಹಳೆಯ ಸ್ಟ್ರಿಪ್ಪನ್ನೂ ಕೇಳಿ ಇಸಿದುಕೊಳ್ಳಿ, ಉಳಿದದ್ದನ್ನು ಎಣಿಸಿ. ದಿನಕ್ಕೊಂದರಂತೆ 30 ಒಯ್ದವರು ಅವನ್ನು ಮುಗಿಸಿ 45 ದಿನದ ಮೇಲೆ ಬಂದರೆ 15 ಗುಳಿಗೆ ತಪ್ಪಿವೆ. "ದಿನಾ ತಗೋತೀರಲ್ರಿ?" ಎಂದರೆ ಎಲ್ಲರೂ ಹೂಂ ಅನ್ನುತ್ತಾರೆ. "ಅಜ್ಜಾರ, ಈ ವಾರದಾಗ ಎಷ್ಟ ಸಲ ಮರತ್ರಿ?" ಎಂದು ಕೇಳಿ, ನಿಜ ಹೊರಬೀಳುತ್ತದೆ.

ಕಾರಣ ತಿಳಿಯದೆ ಬುದ್ಧಿ ಹೇಳಬೇಡಿ. ದುಡ್ಡು ಸಾಲದೆ ದಿನ ಬಿಟ್ಟು ದಿನ ನುಂಗುತ್ತಿದ್ದರೆ ಅದೇ ಔಷಧ ಜನೌಷಧಿ ಕೇಂದ್ರದಲ್ಲಿ ಕಡಿಮೆಗೆ ಸಿಗುತ್ತದೆಂದು ಹೇಳಿ. ನಮ್ಮ ವ್ಯಾಪಾರ ಹೋದರೂ ಸರಿ. ಬಿ.ಪಿ. ನಾರ್ಮಲ್ ಬಂತೆಂದು ಬಿಟ್ಟಿದ್ದರೆ, ನಾರ್ಮಲ್ ಆಗಿದ್ದೇ ಗುಳಿಗೆಯಿಂದ ಎಂದು ತಿಳಿಸಿ. ಕಬ್ಬು ಕಡಿಯಲು ಊರು ಬಿಡುವವರಿಗೆ, ಅಷ್ಟು ದಿನದ್ದನ್ನು ಡಾಕ್ಟರ್ ಬರೆದುಕೊಟ್ಟರೆ ಒಮ್ಮೆಗೇ ಕಟ್ಟಿಕೊಡಿ, ಚೀಟಿಯ ಫೋಟೋ ಅವರ ಮೊಬೈಲಿನಲ್ಲಿರಲಿ. ಬಿ.ಪಿ.ಯ ಅಮ್ಲೊಡಿಪಿನ್ ಗುಳಿಗೆ ತಗೊಂಡು ಪಾದ ಬಾತವರು ಹೆದರಿ ನಿಲ್ಲಿಸಿರುತ್ತಾರೆ. ಅದು ಆ ಗುಳಿಗೆಯ ಗುಣ, ಡಾಕ್ಟರ್ ಬದಲಿಸಬಲ್ಲರು. ಬಾವು ಇಳಿಸಲು ನೀವಾಗಿ ಮೂತ್ರ ಹೆಚ್ಚಿಸುವ ಗುಳಿಗೆ ಸೇರಿಸಬೇಡಿ. ಮಂಡಿನೋವಿಗೆ ಡೈಕ್ಲೊಫೆನಾಕ್ ಕೇಳಿದರೂ ಹಾಗೇ ಕೊಡಬೇಡಿ: ಬಿ.ಪಿ. ಏರುತ್ತದೆ, ಕಿಡ್ನಿಗೂ ಪೆಟ್ಟು.

ಸ್ಟ್ರಿಪ್ ಕತ್ತರಿಸುವಾಗ ಎಕ್ಸ್‌ಪೈರಿ, ಬ್ಯಾಚ್ ಇರುವ ತುದಿ ಉಳಿದ ತುಂಡಿನಲ್ಲೇ ಇರಲಿ. ಕೊಟ್ಟ ತುಂಡಿಗೆ ಔಷಧದ ಹೆಸರು, ಎಕ್ಸ್‌ಪೈರಿ ಕವರಿನ ಮೇಲೆ ಬರೆಯಿರಿ. ಓದು ಬಾರದವರ ಕವರಿಗೆ ಮುಂಜಾನೆಗೆ ಸೂರ್ಯ, ರಾತ್ರಿಗೆ ಚಂದ್ರ. ಬ್ರಾಂಡ್ ಬದಲಾಗಿ ಗುಳಿಗೆಯ ಬಣ್ಣ ಬೇರೆಯಾದರೆ ತೋರಿಸಿಯೇ ಹೇಳಿ, ಇಲ್ಲವಾದರೆ ಹಳೆಯದು, ಹೊಸದು ಎರಡನ್ನೂ ನುಂಗುತ್ತಾರೆ.

ಥೈರಾಯ್ಡ್‌ನ ಗುಳಿಗೆ ಥೈರಾಕ್ಸಿನ್ ಬರಿಹೊಟ್ಟೆಗೆ, ಬರೇ ನೀರಿನ ಜೊತೆ. ಚಹಾ, ನಾಷ್ಟಾ ಅರ್ಧದಿಂದ ಒಂದು ತಾಸಿನ ಮೇಲೆ, ಕ್ಯಾಲ್ಸಿಯಂ, ಕಬ್ಬಿಣದ ಗುಳಿಗೆ 4 ತಾಸಿನ ಮೇಲೆ. ಶುಗರಿನ ಮೆಟ್‌ಫಾರ್ಮಿನ್ ಊಟದ ಜೊತೆ ಅಥವಾ ನಂತರ. ಹೆಸರಿನ ಕೊನೆಗೆ ಎಸ್‌ಆರ್ (ಔಷಧ ನಿಧಾನವಾಗಿ ಬಿಡುವ ಗುಳಿಗೆ) ಇದ್ದರೆ ಪುಡಿ ಮಾಡಬಾರದು. ಶುಗರ್ ಇಳಿಸುವ ಗ್ಲಿಮೆಪಿರೈಡ್ ನುಂಗಿ ಊಟ ಬಿಟ್ಟರೆ ಶುಗರ್ ಬಿದ್ದು ಬೆವರು, ನಡುಕ ಬರುತ್ತದೆ. ಎಚ್ಚರವಿದ್ದರೆ ಮೂರು ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿಸಬೇಕು. ಏಕಾದಶಿ, ಶ್ರಾವಣ ಸೋಮವಾರ, ರಂಜಾನಿಗೆ ಉಪವಾಸ ಇರುವವರನ್ನು ಸಾಕಷ್ಟು ಮೊದಲೇ ಡಾಕ್ಟರ್ ಬಳಿ ಕಳಿಸಿ.

ಇಲ್ಲಿಯ ಬೇಸಿಗೆ 40 ಡಿಗ್ರಿ ದಾಟುತ್ತದೆ. ಇನ್ಸುಲಿನ್‌ನ ತೆರೆಯದ ಬಾಟಲಿ 2ರಿಂದ 8 ಡಿಗ್ರಿಯಲ್ಲಿರಲಿ, ಫ್ರೀಜರಿನಲ್ಲಿ ಎಂದಿಗೂ ಬೇಡ: ಗಡ್ಡೆಗಟ್ಟಿದ್ದು ಕರಗಿದರೂ ಕೆಲಸಕ್ಕೆ ಬಾರದು. ಫ್ರಿಜ್ ಇಲ್ಲದ ಮನೆಯಲ್ಲಿ ಗಡಿಗೆಯೊಳಗೊಂದು ಗಡಿಗೆ ಇಟ್ಟು, ನಡುವೆ ಒದ್ದೆ ಮರಳು ತುಂಬಿ, ಬಾಟಲಿಯನ್ನು ಒಣ ಡಬ್ಬಿಯಲ್ಲಿ ಒಳಗಿಡಲಿ. ಮರಳಿಗೆ ಮುಂಜಾನೆ, ಸಂಜೆ ನೀರು. ಬಾಟಲಿಯ ಮೇಲೆ ತೆರೆದ ತಾರೀಕು ಬರೆದುಕೊಡಿ. ಹೆಚ್ಚಿನವನ್ನು 28 ದಿನದ ಮೇಲೆ ಬಳಸಬಾರದು.

ಕೊನೆಗೆ ಡೈರಿಯಲ್ಲಿ ಫೋನ್ ನಂಬರು, ಗುಳಿಗೆ ಮುಗಿಯುವ ದಿನ. ಅದಕ್ಕೆ ಐದು ದಿನ ಮೊದಲು ಒಂದು ಕರೆ ಮಾಡಿ.