ಸ್ಕಿಜೋಫ್ರೇನಿಯಾ: ಸೋಶಿಯಲ್ ವರ್ಕರ್ ಮುಂದೆ ಏನು ಹೇಳಬೇಕು, ಹೇಗೆ ಹೇಳಬೇಕು

ಮುಂಬೈಯ ಆಸ್ಪತ್ರೆಯ ಓಪಿಡಿಯಲ್ಲಿ, ಅಂದರೆ ಹೊರರೋಗಿ ವಿಭಾಗದಲ್ಲಿ, ಡಾಕ್ಟರು ಮಾತ್ರೆ ಬರೆದುಕೊಟ್ಟು, ‘ಪಕ್ಕದ ರೂಮಿನಲ್ಲಿ ಸೋಶಿಯಲ್ ವರ್ಕರ್ ಇದ್ದಾರೆ, ನೋಡಿಕೊಂಡು ಹೋಗಿ’ ಎನ್ನುತ್ತಾರೆ. ನಮ್ಮವರು ತಲೆಯಾಡಿಸಿ, ಔಷಧಿ ತೆಗೆದುಕೊಂಡು, ಲೋಕಲ್ ಹಿಡಿದು ಮನೆಗೆ ಬಂದುಬಿಡುತ್ತಾರೆ. ಇಲ್ಲವೇ ಆ ರೂಮಿಗೆ ಹೋಗಿ, ‘ತಲೆ ಸರಿ ಇಲ್ಲ, ಏನಾದ್ರೂ ಮಾಡಿ’ ಎಂದು ಹೇಳಿ ಎದ್ದು ಬರುತ್ತಾರೆ. ನನ್ನ ತಮ್ಮನಿಗೆ 21ನೇ ವಯಸ್ಸಿನಲ್ಲಿ ಸ್ಕಿಜೋಫ್ರೇನಿಯಾ, ಅಂದರೆ ಯಾರೂ ಇಲ್ಲದಾಗ ದನಿ ಕೇಳಿಸುವ, ಅನುಮಾನಗಳು ಕಾಡುವ ಮಾನಸಿಕ ಕಾಯಿಲೆ ಶುರುವಾದಾಗ ನಾವೂ ಹಾಗೇ ಮಾಡಿದೆವು. ಆಮೇಲೆ 12 ವರ್ಷದಿಂದ ಡೊಂಬಿವಲಿ, ಭಾಂಡೂಪ್ ಕಡೆಯ ಕನ್ನಡದ ಮನೆಯವರ ಜೊತೆ, ಭಾಷೆಗೆ ಸಹಾಯವಾಗಲಿ ಎಂದು ಆಸ್ಪತ್ರೆಗೆ ಹೋಗುತ್ತಿದ್ದೇನೆ. ಎಲ್ಲರೂ ಎಡವುವುದು ಆ ಎರಡನೇ ರೂಮಿನಲ್ಲೇ.

ಮಾತ್ರೆ ಡಾಕ್ಟರ ಕೆಲಸ. ಬೆಳಿಗ್ಗೆ ಏಳುವುದು, ಸ್ನಾನ, ಮನೆಯ ಜಗಳ, ಕೆಲಸ, ಸರ್ಟಿಫಿಕೇಟ್, ಪಿಂಚಣಿ, ಮನೆಯವರ ದಣಿವು ಇವೆಲ್ಲ ಸೋಶಿಯಲ್ ವರ್ಕರ್ ಕೆಲಸ. ಎರಡೂ ಬೇಕು. ಗೋವಾ, ಸಾತಾರಾ ಮತ್ತು ತಮಿಳುನಾಡಿನಲ್ಲಿ ನಡೆದ ಒಂದು ಅಧ್ಯಯನ 2014ರಲ್ಲಿ ಪ್ರಕಟವಾಯಿತು. ಆಸ್ಪತ್ರೆಯ ಚಿಕಿತ್ಸೆಯ ಜೊತೆಗೆ, ತರಬೇತಿ ಪಡೆದ ಸ್ಥಳೀಯರು ಮನೆಗೇ ಬಂದು ನೆರವಾದಾಗ ರೋಗಿಗಳು ಸ್ವಲ್ಪ ಜಾಸ್ತಿ ಚೇತರಿಸಿಕೊಂಡದ್ದು ಅದರಲ್ಲಿ ಕಂಡುಬಂತು.

ಮೊದಲು: ಸುಳ್ಳು ಹೇಳಿ ಕರೆದೊಯ್ಯಬೇಡಿ

‘ಊರಿಗೆ ಹೋಗೋಣ’ ಎಂದು ಹೊರಡಿಸಿ ಆಸ್ಪತ್ರೆಯಲ್ಲಿ ಇಳಿಸಿದರೆ, ಮುಂದಿನ ಸಲ ಅವರು ಮನೆಯ ಹೊಸ್ತಿಲು ದಾಟುವುದಿಲ್ಲ. ಅವರಿಗೇ ಕಷ್ಟ ಕೊಡುತ್ತಿರುವ ಒಂದು ವಿಷಯ ಹಿಡಿಯಿರಿ. ಬಹಳ ಸಲ ಅದು ನಿದ್ದೆ. ‘ಮೂರು ದಿನದಿಂದ ನಿದ್ದೆ ಇಲ್ಲ ಅಲ್ವಾ, ಅದಕ್ಕೆ ಏನಾದ್ರೂ ಕೇಳಿ ಬರೋಣ’ ಎಂದರೆ ಅದು ಸತ್ಯವೇ. ಒಪ್ಪದಿದ್ದರೆ ಮನೆಯವರೊಬ್ಬರೇ ಹೋಗಿ ಸಲಹೆ ಕೇಳಿ. 14416ಕ್ಕೆ, ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು.

ಕೇಸ್ ಪೇಪರ್

ಕೆಇಎಂ, ಸಾಯನ್, ನಾಯರ್ ಆಸ್ಪತ್ರೆ, ಠಾಣೆಯ ಮನೋರುಗ್ಣಾಲಯ, ಎಲ್ಲೇ ಆದರೂ ಕೇಸ್ ಪೇಪರ್, ಅಂದರೆ ಹೊರರೋಗಿಯ ನೋಂದಣಿ ಚೀಟಿ, ಮಾಡಿಸಲು ಬೇಗ ಹೋಗಿ. ಆಧಾರ್, ರೇಷನ್ ಕಾರ್ಡ್, ಹಳೆಯ ಚೀಟಿಗಳೆಲ್ಲ ಒಂದೇ ಫೈಲಿನಲ್ಲಿರಲಿ.

ನೋಟ್‌ಬುಕ್ ಮತ್ತು ಮಾತು

ಕಷ್ಟದ ಹಂತ ಇದು. ಎಲ್ಲಿ ತಪ್ಪುತ್ತದೆ ಅನ್ನುವುದನ್ನು ಒಂದು ಉದಾಹರಣೆಯಿಂದ ಹೇಳುತ್ತೇನೆ.

ಕಲಬುರಗಿ ಕಡೆಯ ಒಬ್ಬ ತಾಯಿ ಮಗನನ್ನು ಕರೆತಂದಿದ್ದರು. ‘ಯಾರದೋ ಮಾತು ಕೇಳ್ತಾನ್ರೀ, ರಾತ್ರಿ ಎಲ್ಲ ಕೇಳ್ತಾನ’ ಎಂದರು. ಜೊತೆಗೆ ಬಂದ ಅಳಿಯ ಅದನ್ನು ಹಿಂದಿಗೆ ತಿರುಗಿಸಿ, ‘ಕಿಸೀ ಕೀ ಬಾತೋಂ ಮೇಂ ಆ ಜಾತಾ ಹೈ’ ಎಂದ. ಎದುರಿಗಿದ್ದವರಿಗೆ ಹುಡುಗ ಕೆಟ್ಟ ಸಹವಾಸಕ್ಕೆ ಬಿದ್ದಿದ್ದಾನೆ ಎಂದು ಅರ್ಥವಾಯಿತು. ಅರ್ಧ ಗಂಟೆ ಗೆಳೆಯರ ಬಗ್ಗೆ, ಕುಡಿತದ ಬಗ್ಗೆ ಪ್ರಶ್ನೆ. ತಾಯಿ ಹೇಳಿದ್ದು ಕಿವಿಯಲ್ಲಿ ಕೇಳುವ ದನಿಯ ವಿಷಯ. ಕನ್ನಡದಲ್ಲಿ ಶಬ್ದ ಕೇಳುವುದಕ್ಕೂ, ಹೇಳಿದಂತೆ ನಡೆಯುವುದಕ್ಕೂ, ಪ್ರಶ್ನೆ ಹಾಕುವುದಕ್ಕೂ ಒಂದೇ ‘ಕೇಳು’. ಹಾಗಾಗಿ ‘ಯಾರೂ ಇಲ್ಲದಾಗ ಕಿವಿಗೆ ದನಿ ಬೀಳುತ್ತೆ, ಅದಕ್ಕೆ ಉತ್ತರ ಕೊಡ್ತಾನೆ’ ಎಂದು ಬಿಡಿಸಿ ಹೇಳಿ.

ಹೋಗುವ ಮುಂಚೆ ಎರಡು ವಾರ ಒಂದು ನೋಟ್‌ಬುಕ್ ಬರೆಯಿರಿ. ಇನ್ನೂರು ಪುಟದ ಬೈಂಡ್ ಪುಸ್ತಕವೇ ಇರಲಿ. ಫೋನಿನಲ್ಲಿ ಬರೆದದ್ದು ಫೋನ್ ಜೊತೆಗೇ ಕಳೆದುಹೋಗುತ್ತದೆ. ಎಷ್ಟು ಹೊತ್ತಿಗೆ ಮಲಗಿದ, ಎದ್ದ. ಸ್ನಾನ ಮಾಡಿದನೇ, ಎಷ್ಟು ಸಲ ಹೇಳಿದ ಮೇಲೆ. ಊಟ ಎಲ್ಲರ ಜೊತೆಯೋ ಒಬ್ಬನೇಯೋ. ಯಾರ ಜೊತೆ ಮಾತಾಡಿದ. ಮಾತ್ರೆ ನುಂಗಿದ್ದನ್ನು ನೋಡಿದಿರೋ, ಕೇಳಿ ತಿಳಿದಿರೋ. ಅವನು ಆಡಿದ ವಿಚಿತ್ರ ಮಾತನ್ನು ಅವನ ಪದದಲ್ಲೇ ಬರೆಯಿರಿ. ನನ್ನ ಅಮ್ಮ ಒಂದು ದಿನ ‘ಗೊಂದಲವಾಗಿದ್ದ’ ಎಂದು ಬರೆದಿದ್ದರು. ಅದರಿಂದ ಯಾರಿಗೂ ಏನೂ ತಿಳಿಯಲಿಲ್ಲ. ಮಾರನೇ ದಿನ ‘ಸಂಜೆ 6ಕ್ಕೆ ಫ್ಯಾನ್ ಆಫ್ ಮಾಡಿದ. ಫ್ಯಾನು ನನ್ನ ಹೆಸರು ಹೇಳ್ತಿದೆ ಅಂದ. ಬೆವರುತ್ತಾ ಕೂತಿದ್ದ’ ಎಂದು ಬರೆದರು. ಸೋಶಿಯಲ್ ವರ್ಕರ್ ಆ ಮೂರು ಸಾಲನ್ನು ಎರಡು ಸಲ ಓದಿಸಿಕೊಂಡರು.

ಈ ಪುಸ್ತಕ ಗುಟ್ಟಾಗಿ ಬೇಡ. ‘ಡಾಕ್ಟರಿಗೆ ಹೇಳೋಕೆ ಬರೀತಿದ್ದೀನಿ, ನೀನೂ ಬರಿ’ ಎಂದು ಅವರ ಕೈಗೂ ಕೊಡಿ.

ರೂಮಿನಲ್ಲಿ ಕೂರುವುದೂ ಮುಖ್ಯ. ಅವರ ಪಕ್ಕದಲ್ಲಿ ಕೂರಿ. ಅವರ ತಲೆಯ ಮೇಲಿಂದ ‘ಇವನು ಹೀಗೆ, ಇವನು ಹಾಗೆ’ ಎಂದು ದೂರು ಹೇಳಬೇಡಿ. ಮೊದಲು ಅವರೇ ಮಾತಾಡಲಿ. ಆಮೇಲೆ ಅವರಿಗೂ ನಿಮಗೂ ಬೇರೆಬೇರೆ ಹೊತ್ತು ಕೊಡಿ ಎಂದು ಕೇಳಿ, ಕೊಡುತ್ತಾರೆ. ಭಾಷೆಗೆ ನೆಂಟರಿಗಿಂತ ಹೊರಗಿನವರೇ ವಾಸಿ ಎಂದು ನನ್ನ ಖಚಿತ ಅಭಿಪ್ರಾಯ. ನೆಂಟರು ಮರ್ಯಾದೆಗೆ ಅಂಜಿ ಅರ್ಧ ನುಂಗುತ್ತಾರೆ. ಊರಲ್ಲಿ ದೈವದ ಮುಂದೆ ಕೇಳಿಸಿದ್ದು, ತಾಯಿತ ಕಟ್ಟಿಸಿದ್ದು, ‘ಮದುವೆ ಮಾಡಿದ್ರೆ ಸರಿಹೋಗುತ್ತೆ’ ಎಂದು ಹೆಣ್ಣು ನೋಡುತ್ತಿರುವುದು, ಎಲ್ಲವನ್ನೂ ಹೇಳಿ. ಹರಕೆಗೆ ಹೋದಾಗ ಮಾತ್ರೆ ನಿಲ್ಲಿಸಿದ್ದರೆ ಅದನ್ನಂತೂ ಹೇಳಲೇಬೇಕು.

ಇಲ್ಲೇ ಎರಡು ಎಚ್ಚರಿಕೆ. ಸಾರಿನಲ್ಲಿ ಮಾತ್ರೆ ಅರೆದು ಹಾಕುವ ಉಪಾಯವನ್ನು ಯಾರಾದರೂ ಹೇಳಿಕೊಡುತ್ತಾರೆ. ಗೊತ್ತಾದ ದಿನ ಅವರು ಊಟವನ್ನೇ ಬಿಡುತ್ತಾರೆ. ಮೊದಲೇ ಅನುಮಾನ ತುಂಬಿದ ಮನಸ್ಸು, ಅದಕ್ಕೆ ನಾವೇ ಸಾಕ್ಷಿ ಕೊಟ್ಟಂತೆ. ನುಂಗಲು ಒಪ್ಪದಿದ್ದರೆ ಎರಡು ಅಥವಾ ನಾಲ್ಕು ವಾರಕ್ಕೊಮ್ಮೆ ಕೊಡುವ ಇಂಜೆಕ್ಷನ್ ಬಗ್ಗೆ ಅವರ ಎದುರಿಗೇ ಡಾಕ್ಟರನ್ನು ಕೇಳಿ. ಇನ್ನು ‘ಪೂರ್ತಿ ವಾಸಿ ಮಾಡ್ತೀವಿ’ ಎನ್ನುವ ಖಾಸಗಿ ಹೋಮ್‌ಗಳು. ನೋಂದಣಿ ಪತ್ರ ತೋರಿಸಿ ಎನ್ನಿ. ಯಾವ ರೂಪದಲ್ಲೂ ಸರಪಳಿ ಹಾಕುವುದನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆ ನಿಷೇಧಿಸಿದೆ.

ಮನೆಯಲ್ಲಿ

‘ಸೋಮಾರಿ’ ಎಂಬ ಪದವನ್ನು ಮನೆಯಿಂದ ತೆಗೆಯಿರಿ. ಏಳಲಾಗದಿರುವುದು, ಮುಖದಲ್ಲಿ ಭಾವ ಇಲ್ಲದಿರುವುದು, ಮಾತು ಕಡಿಮೆಯಾಗುವುದು ಕಾಯಿಲೆಯ ಲಕ್ಷಣಗಳೇ. ಸದಾ ಟೀಕೆ, ಸಿಟ್ಟು, ಅತಿಯಾದ ಕಾಳಜಿ ಇರುವ ಮನೆಗಳಲ್ಲಿ ಕಾಯಿಲೆ ಮರುಕಳಿಸುವುದು ಜಾಸ್ತಿ ಎಂದು ಲಂಡನ್‌ನ ಸಂಶೋಧಕರು 1950ರ ದಶಕದಿಂದ ಗಮನಿಸುತ್ತಾ ಬಂದರು. ಅಂಥ ಮನೆಗಳಲ್ಲಿ ವಾರಕ್ಕೆ 35 ಗಂಟೆಗಿಂತ ಹೆಚ್ಚು ಎದುರುಬದುರು ಇರುವುದು ಇನ್ನೂ ಅಪಾಯ ಎಂದು 1976ರಲ್ಲಿ ತೋರಿಸಿದರು. ಮುಂಬೈಯ ಒಂದೇ ಖೋಲಿಯಲ್ಲಿ ಐದು ಜನ ಇದ್ದರೆ 35 ಗಂಟೆ ಎರಡು ದಿನದಲ್ಲೇ ಮುಗಿದುಹೋಗುತ್ತದೆ! ಅದಕ್ಕೇ ರೋಗಿಗಳು ಹಗಲು ಹೊತ್ತು ಇದ್ದು ಬರುವ ಡೇ ಕೇರ್ ಎಲ್ಲಿದೆ ಎಂದು ಕೇಳಿ. ಅಮ್ಮ ಸಂಜೆ ಭಜನೆಗೆ ಹೋಗಲಿ, ಅಪ್ಪ ಕೆಳಗೆ ಬೆಂಚಿನ ಮೇಲೆ ಕೂತು ಬರಲಿ. ಅದರಲ್ಲಿ ತಪ್ಪೇನೂ ಇಲ್ಲ. ಪುಣೆಯಲ್ಲಿರುವವರಿಗೆ 1997ರಿಂದ ನಡೆಯುತ್ತಿರುವ ಸ್ಕಿಜೋಫ್ರೇನಿಯಾ ಅವೇರ್‌ನೆಸ್ ಅಸೋಸಿಯೇಷನ್ ಇದೆ. ಗೋವಾದವರು ಬಾಂಬೋಳಿಯ ಮನೋವೈದ್ಯಕೀಯ ಸಂಸ್ಥೆಯಲ್ಲಿ ವಿಚಾರಿಸಿ.

ಸರ್ಟಿಫಿಕೇಟ್

2016ರ ಅಂಗವಿಕಲರ ಹಕ್ಕು ಕಾಯ್ದೆಯ 21 ವಿಧಗಳಲ್ಲಿ ಮಾನಸಿಕ ಕಾಯಿಲೆಯೂ ಇದೆ. ಯುಡಿಐಡಿ ಕಾರ್ಡಿಗೆ, ಅಂದರೆ ಅಂಗವಿಕಲರ ಗುರುತಿನ ಚೀಟಿಗೆ, ಆನ್‌ಲೈನ್ ಅರ್ಜಿ, ಆಮೇಲೆ ಆಸ್ಪತ್ರೆಯಲ್ಲಿ ಪರೀಕ್ಷೆ. ಅಲ್ಲಿ ‘ಐಡಿಯಾಸ್’ ಎಂಬ ಅಳತೆ ಬಳಸುತ್ತಾರೆ. ತನ್ನನ್ನು ತಾನು ನೋಡಿಕೊಳ್ಳುವುದು, ಜನರ ಜೊತೆಗಿನ ಸಂಬಂಧ, ಮಾತು ಮತ್ತು ಅರ್ಥ ಮಾಡಿಕೊಳ್ಳುವುದು, ಕೆಲಸ ಈ ನಾಲ್ಕಕ್ಕೆ ತಲಾ 0ಯಿಂದ 4ರವರೆಗೆ ಅಂಕ. ಕಾಯಿಲೆ ಎಷ್ಟು ವರ್ಷದ್ದು ಎಂಬುದಕ್ಕೂ ಅಂಕ ಇದೆ. ಒಟ್ಟು 20ರಲ್ಲಿ 7 ಬಂದರೆ ಶೇಕಡಾ 40. ಸೌಲಭ್ಯಗಳಿಗೆ ಸಾಮಾನ್ಯವಾಗಿ ಅಷ್ಟು ಬೇಕು.

ಆ ದಿನ ಅಮ್ಮಂದಿರು ಮಗನಿಗೆ ಇಸ್ತ್ರಿ ಶರ್ಟ್ ಹಾಕಿಸಿ, ತಲೆ ಬಾಚಿ, ‘ಎಲ್ಲಾ ಅವನೇ ಮಾಡ್ಕೊತಾನೆ ಡಾಕ್ಟ್ರೇ’ ಎನ್ನುತ್ತಾರೆ. ಆ ಮಾತಿನ ಹಿಂದಿನ ಪ್ರೀತಿ ನನಗೆ ಗೊತ್ತು. ಆದರೆ ಅಂಕ ಅಲ್ಲೇ ಹೋಗುತ್ತದೆ. ಉತ್ಪ್ರೇಕ್ಷೆಯೂ ಬೇಡ, ಮುಚ್ಚಿಡುವುದೂ ಬೇಡ. ನೋಟ್‌ಬುಕ್ ತೆರೆದು ಓದಿ. ‘ನಾಲ್ಕು ಸಲ ಹೇಳಿದ ಮೇಲೆ ಸ್ನಾನ, ವಾರಕ್ಕೆ ಎರಡು ಸಲ.’

ಏಜೆಂಟರಿಗೆ ಒಂದು ಪೈಸೆಯನ್ನೂ ಕೊಡಬೇಡಿ. ‘ನಿರಾಮಯ’ ವಿಮೆ ಮಾಡಿಸಿಕೊಡುತ್ತೇನೆ ಎಂದರೆ ನಂಬಬೇಡಿ. ಅದು ಆಟಿಸಂ, ಸೆರೆಬ್ರಲ್ ಪಾಲ್ಸಿಯಂಥ ನಾಲ್ಕು ಬಗೆಯ ವೈಕಲ್ಯ ಇರುವವರಿಗೆ, ಸ್ಕಿಜೋಫ್ರೇನಿಯಾಕ್ಕೆ ಅನ್ವಯಿಸದು. ಬಡ ಮನೆಯವರು ತಿಂಗಳ ಸಹಾಯಧನ ಕೊಡುವ ಮಹಾರಾಷ್ಟ್ರದ ಸಂಜಯ್ ಗಾಂಧಿ ನಿರಾಧಾರ್ ಯೋಜನೆಯ ಬಗ್ಗೆ ಕೇಳಿ. ಅದಕ್ಕೆ ಇಲ್ಲಿನ ವಾಸದ ದಾಖಲೆ ಬೇಕು, ಊರಿನ ರೇಷನ್ ಕಾರ್ಡ್ ಸಾಲದು.

ಚೆನ್ನಾಗಿರುವಾಗ ಬರೆಯಬೇಕಾದ ಕಾಗದ

2017ರ ಕಾಯ್ದೆಯ ಪ್ರಕಾರ, ಚಿಕಿತ್ಸೆಯ ತೀರ್ಮಾನಗಳಲ್ಲಿ ತನ್ನ ಪರವಾಗಿ ನಿಲ್ಲುವ ಪ್ರತಿನಿಧಿಯನ್ನು ರೋಗಿಯೇ ಆರಿಸಬಹುದು. ಬಿಳಿ ಹಾಳೆ, ಸಹಿ ಅಥವಾ ಹೆಬ್ಬೆಟ್ಟು ಸಾಕು. ಹೆಸರು ಯಾರದೆಂದು ಮನೆಯವರು ಹೇಳಿಕೊಡಬೇಡಿ. ನನ್ನ ತಮ್ಮ ಸುಮಾರು ಹೊತ್ತು ಪೆನ್ನು ಹಿಡಿದು ಕೂತಿದ್ದ. ಅಮ್ಮನ ಹೆಸರೂ ಬರೆಯಲಿಲ್ಲ, ನನ್ನ ಹೆಸರೂ ಬರೆಯಲಿಲ್ಲ. ವಸಯಿಯಲ್ಲಿರುವ ಚಿಕ್ಕಮ್ಮನ ಹೆಸರು ಬರೆದ. ಕಾಗದ ಈಗ ಚಿಕ್ಕಮ್ಮನ ಬೀರುವಿನಲ್ಲಿದೆ. ಒಂದು ಝೆರಾಕ್ಸ್ ಫೈಲಿನಲ್ಲಿದೆ, ಇನ್ನೊಂದು ಅವನ ಪರ್ಸಿನಲ್ಲಿ.