ಇ-ರೀಡರ್ ಕೊಳ್ಳುವ ಮುಂಚೆ ಒತ್ತಕ್ಷರ ನೋಡಿ

ಮೊದಲು ಒಂದು ಹಾಳೆ ತಗೊಳ್ಳಿ. ಕಳೆದ ವರ್ಷ ಓದಿ ಮುಗಿಸಿದ ಪುಸ್ತಕಗಳ ಹೆಸರು ಬರೆಯಿರಿ. ಕೊಂಡವಲ್ಲ, ಮುಗಿಸಿದವು. ಪಟ್ಟಿ ಚಿಕ್ಕದಾಯ್ತು, ಅಲ್ವಾ? ಅದರಲ್ಲಿ ಕನ್ನಡ ಎಷ್ಟು, ಇಂಗ್ಲಿಷ್ ಎಷ್ಟು ಅಂತ ಗುರುತು ಹಾಕಿ.

ಈಗ ಲೆಕ್ಕ. ಇ-ರೀಡರ್‌ಗೆ, ಅಂದರೆ ಇ-ಪುಸ್ತಕ ಓದಲೆಂದೇ ಇರುವ ಸಾಧನಕ್ಕೆ, 12,000 ರೂಪಾಯಿ ಅಂದುಕೊಳ್ಳಿ. ಅಚ್ಚಿನ ಪುಸ್ತಕಕ್ಕೆ 250, ಅದರ ಇ-ಪುಸ್ತಕಕ್ಕೆ 150 ಆದರೆ ಒಂದಕ್ಕೆ 100 ಉಳಿಯುತ್ತದೆ. ಅಂದರೆ 120 ಪುಸ್ತಕ ಕೊಂಡ ಮೇಲೆ ಅಸಲು ಹುಟ್ಟುತ್ತದೆ. ತಿಂಗಳಿಗೆ ಒಂದು ಓದುವವರಿಗೆ ಹತ್ತು ವರ್ಷ! ಅಷ್ಟರಲ್ಲಿ ಬ್ಯಾಟರಿ ಉಳಿದಿದ್ದರೆ ಪುಣ್ಯ. ಇ-ಪುಸ್ತಕಕ್ಕೆ ಜಿಎಸ್‌ಟಿಯೂ ಬೀಳುತ್ತದೆ, ಅಚ್ಚಿನ ಪುಸ್ತಕಕ್ಕೆ ಇಲ್ಲ. ಇ-ಪುಸ್ತಕವನ್ನು ಓದಿದ ಮೇಲೆ ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆ ಪುಸ್ತಕದಂಗಡಿಗೆ ಒಯ್ದು ಮಾರಲೂ ಆಗದು. ನೀವು ಕೊಳ್ಳುವುದು ಓದುವ ಅನುಮತಿ ಅಷ್ಟೆ. 2009ರಲ್ಲಿ ಓದುಗರು ದುಡ್ಡು ಕೊಟ್ಟು ಕೊಂಡಿದ್ದ ಪುಸ್ತಕವನ್ನೇ ಅಮೆಜಾನ್ ಅವರ ಕಿಂಡಲ್‌ಗಳಿಂದ (ಅಮೆಜಾನ್‌ನದೇ ಇ-ರೀಡರ್) ಅಳಿಸಿಹಾಕಿತ್ತು. ದುಡ್ಡು ವಾಪಸ್ ಕೊಟ್ಟಿತು, ನಿಜ.

ಪಟ್ಟಿಯಲ್ಲಿ ಕನ್ನಡವೇ ಜಾಸ್ತಿ ಇದ್ದರೆ ಇಲ್ಲಿ ಸ್ವಲ್ಪ ನಿಲ್ಲಿ. 2016ರ ಕೊನೆಗೆ ಕಿಂಡಲ್ ಅಂಗಡಿಗೆ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಪುಸ್ತಕಗಳು ಬಂದವು. ಆ ಐದರಲ್ಲಿ ಕನ್ನಡ ಇರಲಿಲ್ಲ. ನಮ್ಮ ಇ-ಪುಸ್ತಕಗಳನ್ನು ಮೈಲ್ಯಾಂಗ್, ಗೂಗಲ್ ಪ್ಲೇ ಬುಕ್ಸ್‌ನಂಥ ಆ್ಯಪ್‌ಗಳಲ್ಲಿ ಹುಡುಕಬೇಕು. ಹಾಗಾಗಿ ಆ್ಯಪ್ ಹಾಕಿಕೊಳ್ಳಬಹುದಾದ ಆಂಡ್ರಾಯ್ಡ್ ಇ-ರೀಡರ್ ನೋಡಿ. ಬೂಕ್ಸ್ ಕಂಪನಿಯದು ಅಂಥದ್ದು.

ಕೊಳ್ಳುವ ಮುಂಚೆ ಯಾರದಾದರೂ ರೀಡರ್ ಇಸ್ಕೊಂಡು ಒಂದು ಕನ್ನಡ ಇಪಬ್ (ಇ-ಪುಸ್ತಕದ) ಫೈಲು ಹಾಕಿ ತೆರೆಯಿರಿ. ‘ಕೀರ್ತಿ’, ‘ರಾಷ್ಟ್ರ’, ‘ಲಕ್ಷ್ಮಿ’ ಹುಡುಕಿ. ಅರ್ಕಾವತ್ತು ಜಾಗದಲ್ಲೇ ಇದೆಯಾ? ಒತ್ತು ಅಕ್ಷರದ ಕೆಳಗೆ ಕೂತಿದೆಯಾ? ನನ್ನ ಹಳೆಯ ರೀಡರಿನಲ್ಲಿ ಲಕ್ಷ್ಮಿ ಮೂರು ತುಂಡಾಗಿದ್ದಳು. ಆಮೇಲೆ ಸ್ಕ್ಯಾನ್ ಮಾಡಿದ ಹಳೆಯ ಪುಸ್ತಕದ ಪಿಡಿಎಫ್ ತೆರೆಯಿರಿ. ಆರು ಇಂಚಿನ ಪರದೆಯಲ್ಲಿ ಪುಟ ಕುಗ್ಗಿ ಒತ್ತುಗಳು ಇರುವೆಯಂತೆ ಕಾಣುತ್ತವೆ. ಅಂಥವನ್ನೇ ಓದುವವರಾದರೆ ಹತ್ತು ಇಂಚಿಗಿಂತ ಚಿಕ್ಕದು ಬೇಡ. ಬೆಲೆ ಅಲ್ಲಿ ಮತ್ತೆ ಏರುತ್ತದೆ.

ಕಣ್ಣಿನ ವಿಷಯಕ್ಕೆ ಬಂದರೆ ಇ-ರೀಡರೇ ಸರಿ. ಇ-ಇಂಕ್ ಪರದೆ ಕಾಗದದ ಹಾಗೆ ಬೆಳಕನ್ನು ವಾಪಸ್ ಬೀರುತ್ತದೆ, ಬಿಸಿಲಲ್ಲೂ ಓದಬಹುದು. ಪುಟ ತಿರುಗಿಸುವಾಗ ಬಿಟ್ಟರೆ ಪರದೆಗೆ ಕರೆಂಟು ಬೇಡ. ಅದಕ್ಕೇ ಚಾರ್ಜು ವಾರಗಟ್ಟಲೆ ಬರುತ್ತದೆ.

ಇನ್ನೂ ಗೊಂದಲವೇ? ಇರುವ ಫೋನಿನಲ್ಲೇ ಒಂದು ಇ-ಪುಸ್ತಕ ಕೊಂಡು ಓದಿ ನೋಡಿ. ಅದೇ ಅರ್ಧಕ್ಕೆ ನಿಂತರೆ 12,000 ಉಳಿಯಿತು.