ಗಜಕರ್ಣಕ್ಕೆ ಮುಲಾಮು ಹಚ್ಚುವ ಕ್ರಮ

ತೊಡೆಸಂದು, ಸೊಂಟದ ಸುತ್ತ, ಕಂಕುಳು ಮೊದಲಾದ ಬೆವರು ನಿಲ್ಲುವ ಜಾಗಗಳಲ್ಲಿ ಉಂಗುರದಂತೆ ಹಬ್ಬುವ ಗಜಕರ್ಣವನ್ನು ಹಲವರು ಹುಳುಕಡ್ಡಿ ಎಂದು ಕರೆಯುತ್ತಾರಾದರೂ ಅಲ್ಲಿ ಹುಳುವೇನೂ ಇರುವುದಿಲ್ಲ. ಚರ್ಮದ ಹೊರಪದರದಲ್ಲಿರುವ ಕೆರಾಟಿನ್ ಎಂಬ ಪ್ರೋಟೀನನ್ನು ತಿಂದು ಬದುಕುವ ಶಿಲೀಂಧ್ರ ಅದು. ನಡುಭಾಗ ವಾಸಿಯಾದಂತೆ ಕಂಡು, ಅಂಚು ಮಾತ್ರ ಕೆಂಪಾಗಿ ತುಸು ಉಬ್ಬಿ, ಹೊಟ್ಟೆದ್ದು ದಿನದಿನಕ್ಕೆ ಹೊರಕ್ಕೆ ಸರಿಯುವುದು ಅದರ ಗುರುತು. ಎದೆ, ಬೆನ್ನುಗಳ ಮೇಲೆ ಬಿಳಿಚಿದ ಮಚ್ಚೆಗಳಾಗಿ ಬರುವ ಚಿಬ್ಬು ಬೇರೆ. ರಾತ್ರಿ ಹೊತ್ತು ಮನೆಮಂದಿಗೆಲ್ಲ ಬೆರಳಸಂದಿನಲ್ಲಿ ತುರಿಕೆಯಿದ್ದರೆ ಅದು ಕಜ್ಜಿಯಿರಬಹುದು, ಅದರ ಔಷಧವೇ ಬೇರೆ.

ಔಷಧದ ಅಂಗಡಿಯಲ್ಲಿ ‘ತುರಿಕೆಗೆ ಒಂದು ಕ್ರೀಮ್ ಕೊಡಿ’ ಎಂದು ಕೇಳುವುದರಿಂದಲೇ ಅರ್ಧ ತೊಂದರೆ ಶುರುವಾಗುತ್ತದೆ. ಹಾಗೆ ಸಿಗುವ ಮಿಶ್ರಣದ ಕ್ರೀಮುಗಳಲ್ಲಿ ಶಿಲೀಂಧ್ರನಾಶಕದ ಜೊತೆ ಕ್ಲೊಬೆಟಾಸಾಲ್ ಅಥವಾ ಬೆಟಾಮೆಥಾಸೋನ್‌ನಂಥ ಸ್ಟೀರಾಯ್ಡ್ ಇರುವುದುಂಟು. ಅದು ಎರಡೇ ದಿನದಲ್ಲಿ ಉರಿ, ಕೆಂಪು ಇಳಿಸಿ ಗುಣವಾಯಿತೆಂಬ ಭ್ರಮೆ ಹುಟ್ಟಿಸುತ್ತದೆ; ಆದರೆ ಚರ್ಮದ ಪ್ರತಿರೋಧವನ್ನೂ ಅಡಗಿಸುವುದರಿಂದ ಶಿಲೀಂಧ್ರ ಒಳಗೊಳಗೇ ಹರಡಿ, ಕ್ರೀಮು ಬಿಟ್ಟ ವಾರದಲ್ಲಿ ಇನ್ನಷ್ಟು ಅಗಲವಾಗಿ ಮರಳುತ್ತದೆ. ತಿಂಗಳುಗಟ್ಟಲೆ ಹಚ್ಚಿದವರ ತೊಡೆಸಂದಿನಲ್ಲಿ ಬಸುರಿಯರ ಹೊಟ್ಟೆಯ ಮೇಲಿನಂಥ ಗೆರೆಗಳು ಮೂಡುತ್ತವೆ, ಅವು ಪೂರ್ತಿ ಅಳಿಯುವುದಿಲ್ಲ. ಆದ್ದರಿಂದ ಟ್ಯೂಬಿನ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಿ, ಕ್ಲೊಟ್ರಿಮಜೋಲ್ ಅಥವಾ ಲುಲಿಕೊನಜೋಲ್‌ನಂಥ ಶಿಲೀಂಧ್ರನಾಶಕವೊಂದೇ ಇರುವುದನ್ನು ಖಾತ್ರಿ ಮಾಡಿಕೊಳ್ಳಬೇಕು. ಸುಣ್ಣ, ಬೆಳ್ಳುಳ್ಳಿ, ನಿಂಬೆರಸ ಉಜ್ಜಿ ಚರ್ಮ ಸುಟ್ಟುಕೊಳ್ಳುವುದು ಬೇಡ.

ಸ್ನಾನದ ನಂತರ ಜಾಗವನ್ನು ಒತ್ತಿ ಒರೆಸಿ, ಪೂರ್ತಿ ಆರಲು ಬಿಟ್ಟು, ಕಲೆಯ ಅಂಚಿನಿಂದ 2 ಸೆಂ.ಮೀ. ಆಚೆಗೆ ಬೆರಳಿಟ್ಟು ಹೊರಗಿನಿಂದ ಒಳಕ್ಕೆ ಸವರಬೇಕು. ಕಣ್ಣಿಗೆ ಚೆನ್ನಾಗಿ ಕಾಣುವ ಆ ಆಚೆಯ ಚರ್ಮದಲ್ಲೂ ಶಿಲೀಂಧ್ರ ಇರಬಹುದು. ತೋರುಬೆರಳ ತುದಿಯ ಗೆಣ್ಣಿನುದ್ದ ಹಿಂಡಿದ ಮುಲಾಮು ಬೆರಳು ಸೇರಿ ಎರಡು ಅಂಗೈ ಅಗಲದ ಜಾಗಕ್ಕೆ ಸಾಕು. ಹಚ್ಚಿದ ಮೇಲೆ ಕೈ ತೊಳೆಯಿರಿ. ತುರಿಕೆ ನಿಂತಿತೆಂದು ನಿಲ್ಲಿಸದೆ, ಕಲೆ ಮಾಯವಾದ ಮೇಲೂ ಸಾಮಾನ್ಯವಾಗಿ ಎರಡು ವಾರ ಮುಂದುವರಿಸಬೇಕು.

ರೋಗ ಹಲವು ಕಡೆ ಹಬ್ಬಿದ್ದರೆ, ಮುಖಕ್ಕೆ, ಉಗುರಿಗೆ ಅಥವಾ ಮಕ್ಕಳ ನೆತ್ತಿಗೆ ತಗುಲಿದ್ದರೆ, ಸಕ್ಕರೆ ಕಾಯಿಲೆಯಿದ್ದರೆ, ಬಸುರಿಯಾಗಿದ್ದರೆ ಚರ್ಮವೈದ್ಯರನ್ನೇ ಕಾಣಬೇಕು. ಅಂಚಿನ ಹೊಟ್ಟನ್ನು ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡುವ ಪರೀಕ್ಷೆ ಸುಲಭದ್ದು. ಭಾರತದಲ್ಲಿ ವ್ಯಾಪಕವಾಗಿರುವ, 2020ರಲ್ಲಿ ಟ್ರೈಕೊಫೈಟಾನ್ ಇಂಡೊಟಿನಿಯೆ ಎಂದು ಹೆಸರು ಪಡೆದ ಶಿಲೀಂಧ್ರ ಪ್ರಭೇದ ಅನೇಕ ವೇಳೆ ಟರ್ಬಿನಾಫಿನ್ ಎಂಬ ಶಿಲೀಂಧ್ರನಾಶಕಕ್ಕೆ ಬಗ್ಗುವುದಿಲ್ಲ. ಆಗ ವೈದ್ಯರು ಇಟ್ರಾಕೊನಜೋಲ್ ಎಂಬ ನುಂಗುವ ಔಷಧ ಬರೆಯುವುದುಂಟು. ಅದು ಬೇರೆ ಕೆಲವು ಮಾತ್ರೆಗಳೊಂದಿಗೆ ಹೊಂದುವುದಿಲ್ಲವಾದ್ದರಿಂದ ನೀವು ನುಂಗುತ್ತಿರುವ ಎಲ್ಲ ಔಷಧವನ್ನೂ ಮೊದಲೇ ತಿಳಿಸಬೇಕು.

ಮುಲಾಮಿನಷ್ಟೇ ಗಮನ ಉಡಿದಾರಕ್ಕೂ ಬೇಕು. ಸ್ನಾನದಲ್ಲಿ ನೆನೆದು ದಿನವಿಡೀ ಒದ್ದೆಯಾಗಿಯೇ ಸೊಂಟಕ್ಕಂಟಿರುವ ಆ ದಾರ ಶಿಲೀಂಧ್ರಕ್ಕೆ ಒಳ್ಳೆಯ ನೆಲೆ. ಗುಣವಾಗುವವರೆಗೆ ಅದನ್ನು ತೆಗೆದಿಡುವುದು ಉತ್ತಮ. ಒಳ ಉಡುಪು ಸಡಿಲವಾದ ಹತ್ತಿಯದಿರಲಿ, ದಿನವೂ ಬದಲಾಗಲಿ. ಅದನ್ನು 60 ಡಿಗ್ರಿ ಬಿಸಿನೀರಿನಲ್ಲಿ ಒಗೆದು, ಒಳಮೈ ಹೊರಗೆ ಮಾಡಿ ಬಿಸಿಲಿಗೆ ಹಾಕಬೇಕು. ಮಲೆನಾಡಿನ ಆಷಾಢದಲ್ಲಿ ಬಿಸಿಲೆಲ್ಲಿ ಎನ್ನುವವರು ಹೊಲಿಗೆಯ ಮೇಲೆ ಇಸ್ತ್ರಿ ಒತ್ತಿ ತೇವ ಆರಿಸಿಯೇ ತೊಡಬೇಕು. ಟವೆಲು, ಹಾಸಿಗೆಯನ್ನು ಹಂಚಿಕೊಳ್ಳಬಾರದು. ಮನೆಯಲ್ಲಿ ಇನ್ನೊಬ್ಬರಿಗೂ ಕಲೆಯಿದ್ದರೆ ಇಬ್ಬರ ಚಿಕಿತ್ಸೆಯೂ ಒಂದೇ ದಿನ ಆರಂಭವಾಗಬೇಕು.